ಪ್ಲಗ್ ಪಾಯಿಂಟ್‌ಗೂ ಹಾಡಿಗೂ ಏನು ನಂಟು?

"ರಾತ್ರಿ ಹತ್ತೂವರೆ ದಾಟಿದ ಮೇಲೆ ಸಿಸ್ಟಮ್ ಬೇರೆಯೇ ಥರ ಹಾಡುತ್ತೆ." ಒಂದು ಒಳ್ಳೆಯ ಆ್ಯಂಪ್ಲಿಫೈಯರ್, ಒಂದು ಜೋಡಿ ಸ್ಪೀಕರ್ ಇಟ್ಟುಕೊಂಡವರ ಬಾಯಲ್ಲಿ ಈ ಮಾತು ಬಂದೇ ಬರುತ್ತದೆ. ಕಾರಣವನ್ನೂ ಅವರೇ ಹೇಳುತ್ತಾರೆ. ಹಗಲೆಲ್ಲ ಸುತ್ತಮುತ್ತ ಮೋಟರ್, ಎಸಿ, ಮಿಕ್ಸರ್ ಓಡುತ್ತಿರುತ್ತವೆ, ಕರೆಂಟು ಗಲೀಜಾಗಿರುತ್ತದೆ. ರಾತ್ರಿ ಅವೆಲ್ಲ ನಿಂತ ಮೇಲೆ ಶುದ್ಧವಾಗುತ್ತದೆ ಅಂತ.

ರಾತ್ರಿ ಹೊತ್ತು ಹಾಡು ಕೇಳುವುದು ನನಗೂ ಇಷ್ಟವೇ. ಚೆನ್ನಾಗಿ ಕೇಳಿಸುತ್ತದೆ ಅನ್ನುವುದೂ ನಿಜವೇ. ಆದರೆ ಅದರ ಬಹುಪಾಲು ಕೀರ್ತಿ ಕರೆಂಟಿಗೆ ಸಲ್ಲುವುದಿಲ್ಲ. ರಾತ್ರಿ ಕೋಣೆಯ ಸದ್ದೇ ಇಳಿದಿರುತ್ತದೆ. ಹಗಲಲ್ಲಿ 40 ಡೆಸಿಬೆಲ್ ಆಸುಪಾಸು ಇರುವ ಮನೆ ರಾತ್ರಿ 30ಕ್ಕೆ ಇಳಿಯುವುದು ಸಾಮಾನ್ಯ. ಅಂದರೆ ಹಾಡಿನ ಮೆಲು ಭಾಗ ಇನ್ನೂ 10 ಡೆಸಿಬೆಲ್ ಆಳದವರೆಗೆ ಕಿವಿಗೆ ಸಿಗುತ್ತದೆ. ತಂಬೂರಿ ಮೀಟಿದ ಮೇಲೆ ಉಳಿಯುವ ನಾದ, ಹಾಡುವವರು ಸಾಲಿನ ನಡುವೆ ಎಳೆದುಕೊಳ್ಳುವ ಉಸಿರು, ಇವೆಲ್ಲ ಹಗಲಲ್ಲೂ ಸ್ಪೀಕರ್‌ನಿಂದ ಬರುತ್ತಲೇ ಇದ್ದವು. ರಸ್ತೆಯ ಸದ್ದಿನಡಿ ಮುಚ್ಚಿಹೋಗಿದ್ದವು, ಅಷ್ಟೆ. ಇಂಥ ದೊಡ್ಡ ಕಾರಣ ಕಣ್ಣೆದುರಿಗೇ ಇರುವಾಗ ಟ್ರಾನ್ಸ್‌ಫಾರ್ಮರ್ ಕಂಬದವರೆಗೆ ಹೋಗಬೇಕಾ?

ಹಾಗಂತ "ಕರೆಂಟಿಗೂ ಸದ್ದಿಗೂ ಸಂಬಂಧವೇ ಇಲ್ಲ, ಎಲ್ಲ ಭ್ರಮೆ" ಅನ್ನುವವರ ಜೊತೆಗೂ ನಾನಿಲ್ಲ. ಸಂಬಂಧ ಇದೆ. ಕೆಲವು ಸಲ ತುಂಬಾ ಜೋರಾಗಿಯೇ ಇದೆ. ನಾವು ಅದನ್ನು ಹುಡುಕುವ ಜಾಗ ಮಾತ್ರ ಬೇರೆ. ಎಲ್ಲರೂ ಫೇಸ್ ವೈರ್ ಕಡೆ ನೋಡುತ್ತಾರೆ. ತೊಂದರೆ ಒಳಗೆ ನುಗ್ಗುವುದು ಹೆಚ್ಚಾಗಿ ಅರ್ತ್ ವೈರ್‌ನಿಂದ, ಮತ್ತು ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಹಾಕಿದ ಸಿಗ್ನಲ್ ಕೇಬಲ್‌ನಿಂದ.

ಮೊದಲು ಫೇಸ್ ಕಡೆಯ ಕಥೆ ನೋಡೋಣ. ಮುಚ್ಚಳ ತೆಗೆದ ಒಂದು ಸಾಧಾರಣ ಸ್ಟೀರಿಯೊ ಆ್ಯಂಪ್ ಇದೆ ಅಂದುಕೊಳ್ಳಿ. ಗೋಡೆಯ 230 ವೋಲ್ಟ್ ಮೊದಲು ಟ್ರಾನ್ಸ್‌ಫಾರ್ಮರ್‌ಗೆ ಹೋಗುತ್ತದೆ. ಅಲ್ಲಿ ಇಳಿದು, ನಾಲ್ಕು ಡಯೋಡ್‌ಗಳ ಬ್ರಿಡ್ಜ್ ದಾಟಿ, ದಪ್ಪ ದಪ್ಪ ಕೆಪಾಸಿಟರ್‌ಗಳಲ್ಲಿ ತುಂಬಿಕೊಳ್ಳುತ್ತದೆ. ಸ್ಪೀಕರ್‌ಗೆ ಹೋಗುವ ಶಕ್ತಿ ಈ ಕೆಪಾಸಿಟರ್‌ಗಳಿಂದ ಬರುತ್ತದೆ. ಮನೆ ಮೇಲಿನ ಟ್ಯಾಂಕ್ ಇದ್ದ ಹಾಗೆ. ಕೆಳಗಿನ ಪಂಪ್ ಹೇಗೇ ಕೆಮ್ಮಲಿ, ಟ್ಯಾಂಕ್‌ನಲ್ಲಿ ನೀರಿರುವವರೆಗೂ ನಲ್ಲಿಯ ಧಾರೆಗೆ ಅದು ಗೊತ್ತಾಗುವುದಿಲ್ಲ.

230 ಅನ್ನುವುದು ಆರ್‌ಎಂಎಸ್ ಲೆಕ್ಕದ, ಅಂದರೆ ಒಂಥರಾ ಸರಾಸರಿಯ ಸಂಖ್ಯೆ. ಅಲೆಯ ತುದಿ ನಿಜಕ್ಕೂ 325 ವೋಲ್ಟ್ ಮುಟ್ಟುತ್ತದೆ. ಕೆಪಾಸಿಟರ್ ತುಂಬುವುದು ಆ ತುದಿಯ ಹತ್ತಿರ ಮಾತ್ರ. 50 ಹರ್ಟ್ಸ್ ಸಪ್ಲೈನಲ್ಲಿ ಅರ್ಧ ಅಲೆಗೆ 10 ಮಿಲಿಸೆಕೆಂಡ್. ಅದರಲ್ಲಿ ಎರಡೋ ಮೂರೋ ಮಿಲಿಸೆಕೆಂಡ್ ಡಯೋಡ್ ತೆರೆದುಕೊಂಡು ಗಬಕ್ಕನೆ ಕರೆಂಟು ಎಳೆಯುತ್ತದೆ. ಉಳಿದ ಹೊತ್ತು ಸುಮ್ನೆ ಕೂತಿರುತ್ತದೆ. ಸಣ್ಣಪುಟ್ಟ ಚಾರ್ಜರ್, ಅಡಾಪ್ಟರ್, ಎಷ್ಟೋ ಎಲ್‌ಇಡಿ ಬಲ್ಬ್‌ಗಳೂ ಹೀಗೇ. ಎಲ್ಲರೂ ಒಟ್ಟಿಗೆ ತುದಿಗೇ ಕೈ ಹಾಕಿದರೆ ತುದಿ ಸವೆಯದೆ ಇರುತ್ತದಾ? ಅದಕ್ಕೇ ಮನೆಯ ಸಪ್ಲೈಯನ್ನು ಆಸಿಲೋಸ್ಕೋಪ್‌ನಲ್ಲಿ ನೋಡಿದರೆ ಪುಸ್ತಕದ ಸೈನ್ ಅಲೆ ಕಾಣುವುದಿಲ್ಲ. ತಲೆ ಚಪ್ಪಟೆಯಾದ ಅಲೆ ಕಾಣುತ್ತದೆ. ಅದರಲ್ಲಿ 150, 250, 350 ಹರ್ಟ್ಸ್‌ನ ಹಾರ್ಮೋನಿಕ್‌ಗಳು, ಅಂದರೆ 50ರ ಗುಣಕಗಳಾದ ಅಲೆಗಳು, ಬೆರೆತಿರುತ್ತವೆ.

ಪವರ್ ಕಂಡಿಷನರ್, ಅಂದರೆ ಕರೆಂಟು ಶುದ್ಧ ಮಾಡುವ ಪೆಟ್ಟಿಗೆ, ಮಾರುವವರಿಗೆ ಈ ಚಿತ್ರ ತುಂಬಾ ಇಷ್ಟ. "ನೋಡಿ, ನಿಮ್ಮ ಆ್ಯಂಪ್ ಕುಡಿಯುತ್ತಿರುವುದು ಇದನ್ನೇ" ಅನ್ನುತ್ತಾರೆ. ಆದರೆ ಕೆಪಾಸಿಟರ್‌ಗೆ ಬೇಕಾಗಿರುವುದು ತುದಿಯ ಎತ್ತರ. ಅಲೆಯ ಚಂದ ಕಟ್ಟಿಕೊಂಡು ಅದಕ್ಕೇನಾಗಬೇಕು? ತಲೆ ಸ್ವಲ್ಪ ಸವೆದಿದ್ದರೆ ಒಳಗಿನ ಡಿಸಿ ಒಂದೆರಡು ವೋಲ್ಟ್ ಕಡಿಮೆಯಾಗಬಹುದು.

ಇನ್ನು ರಿಪಲ್. ಕೆಪಾಸಿಟರ್ ತುಂಬುತ್ತಾ ಖಾಲಿಯಾಗುತ್ತಾ ಇರುವುದರಿಂದ ಡಿಸಿ ಮೇಲೆ 100 ಹರ್ಟ್ಸ್‌ನ ಅಲೆ ಉಳಿದುಕೊಳ್ಳುತ್ತದೆ. ಎಷ್ಟೇ ಶುದ್ಧ ಕರೆಂಟು ಕೊಟ್ಟರೂ ಇದು ಇದ್ದೇ ಇರುತ್ತದೆ. ಡಯೋಡ್, ಕೆಪಾಸಿಟರ್ ಇರುವ ಕಡೆ ಇದು ತಪ್ಪಿದ್ದಲ್ಲ. ಆದ್ದರಿಂದ ಇದನ್ನು ಒರೆಸುವ ವ್ಯವಸ್ಥೆ ಸರ್ಕ್ಯೂಟ್ ಒಳಗೇ ಇರುತ್ತದೆ. ಎಲ್‌ಎಂ317 ಅನ್ನುವ ಹಳೆಯ, ಅಗ್ಗದ ರೆಗ್ಯುಲೇಟರ್ ಐಸಿ ಒಂದು ಸಣ್ಣ ಕೆಪಾಸಿಟರ್‌ನ ಸಹಾಯ ಸಿಕ್ಕರೆ ಸುಮಾರು 80 ಡೆಸಿಬೆಲ್ ರಿಪಲ್ ತಗ್ಗಿಸುತ್ತದೆ. 1 ವೋಲ್ಟ್ ಒಳಗೆ ಹೋದರೆ 0.1 ಮಿಲಿವೋಲ್ಟ್ ಹೊರಗೆ. ಅದರ ಮುಂದಿರುವ ಆಪ್-ಆ್ಯಂಪ್ (ಸಿಗ್ನಲ್ ಹಿಗ್ಗಿಸುವ ಐಸಿ) ಮತ್ತೆ ಅಷ್ಟೇ ಗಟ್ಟಿಯಾಗಿ ಅದನ್ನು ತಡೆಯುತ್ತದೆ. ಒಳಗೇ ಹುಟ್ಟುವ ಇಷ್ಟು ದೊಡ್ಡ 100 ಹರ್ಟ್ಸ್ ಗಲಾಟೆಯನ್ನು ನುಂಗಿಕೊಳ್ಳುವ ಸರ್ಕ್ಯೂಟ್, ಗೋಡೆಯಿಂದ ಬರುವ ಚಿಲ್ಲರೆ ಹಾರ್ಮೋನಿಕ್‌ಗೆ ಹೆದರುತ್ತದೆ ಅಂದರೆ ನಂಬುವುದು ಕಷ್ಟ.

ವೋಲ್ಟೇಜ್ ಬಿದ್ದರೆ? ಪವರ್ ಆ್ಯಂಪ್‌ಗಳ ಮುಖ್ಯ ಸಪ್ಲೈಗೆ ಸಾಮಾನ್ಯವಾಗಿ ರೆಗ್ಯುಲೇಟರ್ ಇರುವುದಿಲ್ಲ. ಹೊರಗೆ ಬಿದ್ದಷ್ಟೂ ಒಳಗೂ ಬೀಳುತ್ತದೆ. 230 ಇದ್ದದ್ದು 190ಕ್ಕೆ ಇಳಿದರೆ ಆ್ಯಂಪ್‌ನ ಗರಿಷ್ಠ ಪವರ್ 68 ಪರ್ಸೆಂಟ್‌ಗೆ ಇಳಿಯುತ್ತದೆ. ಮೂರನೇ ಒಂದು ಭಾಗ ಹೋಯಿತಲ್ಲ ಅಂತ ಗಾಬರಿ ಬೇಡ. ಡೆಸಿಬೆಲ್ ಲೆಕ್ಕದಲ್ಲಿ ಅದು 1.7 ಮಾತ್ರ, ಅದೂ ಆ್ಯಂಪ್ ಅನ್ನು ಪೂರ್ತಿ ತಿರುಗಿಸಿದಾಗ. ಸಾಧಾರಣ ವಾಲ್ಯೂಮ್‌ನಲ್ಲಿ ಕೇಳುವವರಿಗೆ ಏನೂ ಗೊತ್ತಾಗದು.

ಗೊತ್ತಾಗುವ ಯಂತ್ರಗಳೂ ಇವೆ. 300ಬಿ ಥರದ ವಾಲ್ವ್, ಅಂದರೆ ಹಳೆಯ ಕಾಲದ ಗಾಜಿನ ಟ್ಯೂಬ್, ಹಾಕಿದ ಸಿಂಗಲ್ ಎಂಡೆಡ್ (ಒಂದೇ ವಾಲ್ವ್ ಇಡೀ ಅಲೆಯನ್ನು ಹಿಗ್ಗಿಸುವ) ಆ್ಯಂಪ್‌ಗಳು ಸಪ್ಲೈ ಮೇಲಿನ ಗಲೀಜನ್ನು ಹೆಚ್ಚು ತಡೆಯುವುದಿಲ್ಲ. ಫಿಲಮೆಂಟ್‌ಗೆ ಎಸಿ ಕೊಟ್ಟಿದ್ದರಂತೂ ಸಣ್ಣ ಹಮ್, ಅಂದರೆ ಹೂಂ ಅನ್ನುವ ಸದ್ದು, ಜೊತೆಗೇ ಬರುತ್ತದೆ. ಫೀಡ್‌ಬ್ಯಾಕ್ (ಹೊರಬಂದದ್ದನ್ನು ಒಳಬಂದದ್ದರ ಜೊತೆ ಹೋಲಿಸಿ ತಿದ್ದಿಕೊಳ್ಳುವ ವ್ಯವಸ್ಥೆ) ಇಲ್ಲದ ಕ್ಲಾಸ್ ಡಿ, ಅಂದರೆ ಸ್ವಿಚ್ ಥರ ಆನ್-ಆಫ್ ಆಗುತ್ತಾ ಕೆಲಸ ಮಾಡುವ ಆ್ಯಂಪ್‌ನಲ್ಲಿ ಸಪ್ಲೈ ಏರಿದರೆ ಸದ್ದೂ ಏರುತ್ತದೆ, ಇಳಿದರೆ ಇಳಿಯುತ್ತದೆ. ಈಗ ಬರುವ ಒಳ್ಳೆಯ ಕ್ಲಾಸ್ ಡಿಗಳಲ್ಲಿ ಫೀಡ್‌ಬ್ಯಾಕ್ ಇರುವುದರಿಂದ ಈ ಕಾಟ ಇಲ್ಲ.

ಕರೆಂಟು ಹೋದಾಗ ಇನ್ವರ್ಟರ್ ಮೇಲೆ ಹಾಡು ಕೇಳುವವರಿಗೆ ಒಂದು ಮಾತು. ಸ್ಕ್ವೇರ್ ವೇವ್ ಇನ್ವರ್ಟರ್ 230 ವೋಲ್ಟ್ ಕೊಡುತ್ತದೆ ಅಂದರೆ ಅದರ ತುದಿಯೂ 230 ಮಾತ್ರ. 325 ಅಲ್ಲ. ತುದಿಯನ್ನೇ ನಂಬಿಕೊಂಡ ಲೀನಿಯರ್ ಸಪ್ಲೈಗೆ, ಅಂದರೆ ಮೇಲೆ ಹೇಳಿದ ಟ್ರಾನ್ಸ್‌ಫಾರ್ಮರ್-ಡಯೋಡ್-ಕೆಪಾಸಿಟರ್ ವ್ಯವಸ್ಥೆಗೆ, ಒಂದೇ ಏಟಿಗೆ 29 ಪರ್ಸೆಂಟ್ ಖೋತಾ. ಮೀಟರ್ ಮಾತ್ರ "ಎಲ್ಲ ಸರಿ" ಅನ್ನುತ್ತಿರುತ್ತದೆ. ಜೊತೆಗೆ ಟ್ರಾನ್ಸ್‌ಫಾರ್ಮರ್ ಜುಂಯ್ ಅಂತ ಅರಚುತ್ತದೆ. ಪ್ಯೂರ್ ಸೈನ್ ವೇವ್ ಇನ್ವರ್ಟರ್‌ನಲ್ಲಿ ಈ ಗೋಳಿಲ್ಲ.

ಈಗ ಅರ್ತ್ ಕಡೆ ಬರೋಣ. ಜನ ಕರೆಂಟಿನ ತಕರಾರು ಅಂತ ಏನೇನು ಹೇಳುತ್ತಾರೋ ಅದರ ಬಹುಪಾಲು ಬೇರು ಇರುವುದು ಇಲ್ಲಿ.

ಒಂದು ಕಂಪ್ಯೂಟರ್, ಒಂದು ಆ್ಯಂಪ್. ಎರಡಕ್ಕೂ ಮೂರು ಪಿನ್ ಪ್ಲಗ್. ಒಂದು ಈ ಗೋಡೆಯಲ್ಲಿ, ಇನ್ನೊಂದು ಆ ಗೋಡೆಯಲ್ಲಿ. ನಡುವೆ ಹಾಡಿನ ಸಿಗ್ನಲ್ ಸಾಗಿಸುವ ಒಂದು ಆರ್‌ಸಿಎ ಕೇಬಲ್. ಈ ಕೇಬಲ್‌ನ ಹೊರಗಿನ ಹೆಣಿಗೆ ಎರಡೂ ಪೆಟ್ಟಿಗೆಗಳ ಮೈಗೆ ಸೇರಿಕೊಂಡಿದೆ. ಎರಡೂ ಪೆಟ್ಟಿಗೆಗಳ ಮೈ ಅರ್ತ್‌ಗೆ ಸೇರಿಕೊಂಡಿದೆ. ಅಲ್ಲಿಗೆ ಒಂದು ದೊಡ್ಡ ಸುತ್ತು ಪೂರ್ತಿಯಾಯಿತು. ಇದೇ ಗ್ರೌಂಡ್ ಲೂಪ್. ಎರಡು ಸಾಕೆಟ್‌ಗಳ ಅರ್ತ್ ಯಾವತ್ತೂ ಸರಿಯಾಗಿ ಒಂದೇ ವೋಲ್ಟೇಜ್‌ನಲ್ಲಿ ಇರುವುದಿಲ್ಲ. ಮನೆಯ ಪ್ರತಿ ಯಂತ್ರದ ಫಿಲ್ಟರ್ ಕೆಪಾಸಿಟರ್‌ಗಳು ಅರ್ತ್‌ಗೆ ಸ್ವಲ್ಪ ಸ್ವಲ್ಪ ಕರೆಂಟು ಬಿಡುತ್ತಲೇ ಇರುತ್ತವೆ. ಆ ಕರೆಂಟಿನ ಒಂದು ಪಾಲು ನಿಮ್ಮ ಆರ್‌ಸಿಎ ಕೇಬಲ್‌ನ ಹೆಣಿಗೆಯಲ್ಲೂ ಹರಿಯುತ್ತದೆ.

ಹರಿದರೆ ಏನಾಯ್ತು? ಲೆಕ್ಕ ಹಾಕಿ. ಹೆಣಿಗೆಯ ರೆಸಿಸ್ಟೆನ್ಸ್ 0.1 ಓಮ್ ಇರಲಿ, ಕರೆಂಟು 1 ಮಿಲಿಆ್ಯಂಪ್ ಇರಲಿ. ಹೆಣಿಗೆಯ ಎರಡು ತುದಿಗಳ ನಡುವೆ 0.1 ಮಿಲಿವೋಲ್ಟ್ ಹುಟ್ಟುತ್ತದೆ. ಆ್ಯಂಪ್‌ಗೆ ಸಿಗ್ನಲ್ ಅಂದರೆ ಒಳಗಿನ ತಂತಿಗೂ ಹೊರಗಿನ ಹೆಣಿಗೆಗೂ ಇರುವ ವ್ಯತ್ಯಾಸ. ಹೆಣಿಗೆಯೇ ಅಲುಗಿದರೆ ಅದೂ ಹಾಡೇ ಅಂದುಕೊಳ್ಳುತ್ತದೆ ಪಾಪ. ಇಲ್ಲಿ ಕೆಪಾಸಿಟರ್ ಇಲ್ಲ, ರೆಗ್ಯುಲೇಟರ್ ಇಲ್ಲ, 80 ಡೆಸಿಬೆಲ್ ಕಾವಲು ಇಲ್ಲ. ಮೇನ್ಸ್‌ನ, ಅಂದರೆ ಗೋಡೆಯ ಕರೆಂಟಿನ, ಗಲೀಜು ಮುಂಬಾಗಿಲಲ್ಲಿ ಅಷ್ಟೆಲ್ಲ ತಪಾಸಣೆ ದಾಟಬೇಕು. ಹಿಂಬಾಗಿಲು ಮಾತ್ರ ಹಾರು ಹೊಡೆದಿರುತ್ತದೆ.

ಗ್ರಾಮಫೋನ್ ಪ್ಲೇಯರ್ ಇದ್ದರೆ ಇದು ಇನ್ನೂ ಜಾಸ್ತಿ ಕಾಡುತ್ತದೆ. ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್, ಅಂದರೆ ರೆಕಾರ್ಡ್ ಮೇಲೆ ಓಡುವ ಮುಳ್ಳಿನ ತಲೆ, ಕೊಡುವುದು ನಾಲ್ಕೈದು ಮಿಲಿವೋಲ್ಟ್. ಫೋನೊ ಸ್ಟೇಜ್ ಅದನ್ನು ನೂರು ಪಟ್ಟು ಹಿಗ್ಗಿಸುತ್ತದೆ. ರೆಕಾರ್ಡ್ ಕೊರೆಯುವಾಗ ತಗ್ಗಿಸಿದ ಕೆಳ ಸ್ವರಗಳನ್ನು ಮತ್ತೆ ಏರಿಸುವ ಆರ್‌ಐಎಎ ಕರ್ವ್ ಪ್ರಕಾರ 50 ಹರ್ಟ್ಸ್ ಹತ್ತಿರ ಮತ್ತೆ 17 ಡೆಸಿಬೆಲ್, ಅಂದರೆ ಏಳು ಪಟ್ಟು. ಒಟ್ಟು ಏಳುನೂರು ಪಟ್ಟು. ಕಾಣದಷ್ಟು ಸಣ್ಣ 10 ಮೈಕ್ರೊವೋಲ್ಟ್ ಹಮ್ ಹೊರಗೆ ಬರುವಾಗ 7 ಮಿಲಿವೋಲ್ಟ್ ಆಗಿರುತ್ತದೆ. ಎರಡು ಹಾಡಿನ ನಡುವಿನ ಖಾಲಿ ಜಾಗದಲ್ಲಿ ಹೂಂಂ ಅಂತ ಕೇಳಿಸುವುದು ಅದೇ.

ಎರಡು ಪಿನ್ ಚಾರ್ಜರ್‌ಗಳೂ ಸಾಧುವಲ್ಲ. ಮೆಟಲ್ ಮೈಯ ಲ್ಯಾಪ್‌ಟಾಪ್ ಚಾರ್ಜ್‌ಗೆ ಹಾಕಿ, ಮುಂಗೈಯ ಹಿಂಭಾಗದಿಂದ ಮೆಲ್ಲಗೆ ಸವರಿ ನೋಡಿ. ಜುಮ್ ಅನ್ನುತ್ತದೆ, ಏನೋ ತರಿತರಿ ಇದ್ದ ಹಾಗೆ. ಚಾರ್ಜರ್ ಒಳಗೆ ಮೇನ್ಸ್ ಕಡೆಯಿಂದ ಈ ಕಡೆಗೆ ಒಂದು ವೈ ಕೆಪಾಸಿಟರ್ ಇರುತ್ತದೆ. ಅದರಿಂದ ಸೋರುವ ಕರೆಂಟು ಇದು. ಮೀಟರ್ ಇಟ್ಟರೆ ಮೇನ್ಸ್‌ನ ಅರ್ಧದಷ್ಟು ವೋಲ್ಟೇಜ್ ತೋರಿಸುವುದೂ ಉಂಟು. ಕರೆಂಟು ತೀರಾ ಅತ್ಯಲ್ಪ, ಅಪಾಯ ಇಲ್ಲ. ಆದರೆ ಆ ಲ್ಯಾಪ್‌ಟಾಪ್‌ನಿಂದ ಆ್ಯಂಪ್‌ಗೆ ಕೇಬಲ್ ಹಾಕಿದರೆ ಆ ಸೋರಿಕೆ ಮನೆ ಸೇರುವ ದಾರಿ ನಿಮ್ಮ ಸಿಗ್ನಲ್ ಕೇಬಲ್ಲೇ. ಪರೀಕ್ಷೆ ಸುಲಭ. ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿ. ಝೀಂ ನಿಂತಿತಾ? ಅಪರಾಧಿ ಸಿಕ್ಕಿಬಿದ್ದ.

ಪತ್ತೇದಾರಿಕೆ ಇನ್ನೂ ಸ್ವಲ್ಪ ಮುಂದುವರಿಸಬಹುದು. ವಾಲ್ಯೂಮ್ ತಿರುಗಿಸಿದಾಗ ಹಮ್ ಏರಿಳಿದರೆ ಅದು ವಾಲ್ಯೂಮ್‌ಗಿಂತ ಹಿಂದೆಲ್ಲೋ ಸೇರುತ್ತಿದೆ. ವಾಲ್ಯೂಮ್‌ಗೆ ಜಗ್ಗದಿದ್ದರೆ ಆಮೇಲೆ ಸೇರುತ್ತಿದೆ. ಸದ್ದಿನ ಗುಣವೂ ಸುಳಿವು ಕೊಡುತ್ತದೆ. ಮೆತ್ತಗಿನ, ದಪ್ಪ ಹೂಂ ಆದರೆ ಸಾಮಾನ್ಯವಾಗಿ 50 ಹರ್ಟ್ಸ್. ಲೂಪ್, ಇಲ್ಲವೇ ಹತ್ತಿರದಲ್ಲಿ ಕೂತ ಟ್ರಾನ್ಸ್‌ಫಾರ್ಮರ್. ಒರಟು ಬರ್‌ರ್ ಆದರೆ 100 ಹರ್ಟ್ಸ್ ಮತ್ತು ಅದರ ಮರಿಗಳು. ಆ್ಯಂಪ್ ಒಳಗಿನ ಕೆಪಾಸಿಟರ್, ಇಲ್ಲವೇ ಲೈಟ್ ಡಿಮ್ಮರ್. ಡಿಮ್ಮರ್ ಪ್ರತಿ ಅರ್ಧ ಅಲೆಯನ್ನೂ ನಡುವೆ ಕತ್ತರಿಸುತ್ತದೆ, ಸೆಕೆಂಡಿಗೆ 100 ಸಲ.

ಫ್ರಿಜ್ ಆನ್ ಆದಾಗ ಸ್ಪೀಕರ್‌ನಲ್ಲಿ ಟಪ್ ಅನ್ನುವುದೂ ಹೆಚ್ಚಾಗಿ ಹಿಂಬಾಗಿಲಿನ ಗಿರಾಕಿಯೇ. ಸ್ವಿಚ್ ಕಾಂಟ್ಯಾಕ್ಟ್‌ನಲ್ಲಿ ಕಿಡಿ ಹಾರುತ್ತದೆ. ಆ ಕಿಡಿ ಒಂದು ಪುಟ್ಟ ರೇಡಿಯೊ ಸ್ಟೇಷನ್. ಕೇಬಲ್‌ಗಳು ಏರಿಯಲ್ ಆಗುತ್ತವೆ. ಆ್ಯಂಪ್‌ನ ಮೊದಲ ಟ್ರಾನ್ಸಿಸ್ಟರ್ ಅದನ್ನು ಹಿಡಿದು ಸದ್ದು ಮಾಡಿಬಿಡುತ್ತದೆ. ಕಿಡಿ ಹಾರುವ ಕಡೆಯೇ ಒಂದು ಸ್ನಬರ್, ಅಂದರೆ ಮೇನ್ಸ್‌ಗೆಂದೇ ಮಾಡಿದ ಎಕ್ಸ್2 ಕೆಪಾಸಿಟರ್ ಮತ್ತು ರೆಸಿಸ್ಟರ್ ಜೋಡಿ, ಹಾಕಿಸಿದರೆ ಎಷ್ಟೋ ಸಲ ಕಥೆ ಮುಗಿಯುತ್ತದೆ.

ಹಮ್ ಹೋಗಿಸಲು ಕೆಲವರು ಅರ್ತ್ ಪಿನ್ ಕಿತ್ತು ಹಾಕುತ್ತಾರೆ. ಹಮ್ ಹೋಗುತ್ತದೆ, ನಿಜ. ಮುಂದೊಂದು ದಿನ ಒಳಗೆ ಫೇಸ್ ತಂತಿ ಸಡಿಲಾಗಿ ಮೈಗೆ ತಗುಲಿದರೆ ಆ್ಯಂಪ್ ಮುಟ್ಟಿದವರ ಪ್ರಾಣವೂ ಹೋಗುತ್ತದೆ. ದಯವಿಟ್ಟು ಮಾಡಬೇಡಿ. ಎಲ್ಲ ಪೆಟ್ಟಿಗೆಗಳನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿ ನೋಡಿ. ಅಷ್ಟರಲ್ಲೇ ಎಷ್ಟೋ ಕಡಿಮೆಯಾಗುತ್ತದೆ. ಟಿವಿಯಿಂದಲೋ ಕಂಪ್ಯೂಟರ್‌ನಿಂದಲೋ ಬರುವುದಾದರೆ ಆಪ್ಟಿಕಲ್ ಕೇಬಲ್ ಹಾಕಿ. ಬೆಳಕಿನ ಜೊತೆ ಅರ್ತ್ ಬರುವುದಿಲ್ಲ. ಅನಲಾಗ್ ಆದರೆ ಸಿಗ್ನಲ್‌ಗೆಂದೇ ಸಿಗುವ ಪುಟ್ಟ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇದೆ. ಎಕ್ಸ್‌ಎಲ್‌ಆರ್ ಪಿನ್‌ನ ಬ್ಯಾಲೆನ್ಸ್ಡ್ ಜೋಡಣೆ (ಸಿಗ್ನಲ್ ಹೆಣಿಗೆಯನ್ನು ನೆಚ್ಚದೆ ಒಳಗಿನ ಎರಡು ತಂತಿಗಳ ನಡುವಿನ ವ್ಯತ್ಯಾಸವಾಗಿ ಹೋಗುವುದು) ಇದ್ದರೆ ಇನ್ನೂ ಒಳ್ಳೆಯದು. ಹಾಗಂತ ಅದೂ ಸರ್ವರೋಗಕ್ಕೆ ಮದ್ದಲ್ಲ. 1995ರಲ್ಲಿ ನೀಲ್ ಮನ್ಸಿ ಎಂಬ ಎಂಜಿನಿಯರ್ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಜರ್ನಲ್‌ನಲ್ಲಿ ಬರೆದ ಲೇಖನ ಈ ಕ್ಷೇತ್ರದಲ್ಲಿ ಹೆಸರುವಾಸಿ. ಕೇಬಲ್‌ನ ಶೀಲ್ಡ್ (ಹೊರಗಿನ ಹೆಣಿಗೆ) ಅನ್ನು ನೇರ ಪೆಟ್ಟಿಗೆಯ ಮೈಗೆ ಸೇರಿಸುವ ಬದಲು ಒಳಗಿನ ಸರ್ಕ್ಯೂಟ್ ಗ್ರೌಂಡ್‌ಗೆ ಸೇರಿಸಿದರೆ ಬ್ಯಾಲೆನ್ಸ್ಡ್ ಉಪಕರಣವೂ ಹಮ್ ಹಿಡಿಯುತ್ತದೆ ಅಂತ ಅವರು ತೋರಿಸಿದರು. "ಪಿನ್ 1 ಪ್ರಾಬ್ಲಮ್" ಅನ್ನುವ ಹೆಸರು ಆಗ ಬಂದದ್ದು. ದುಬಾರಿ ಪೆಟ್ಟಿಗೆಗಳಲ್ಲೂ ಇದು ಇರಬಹುದು. ಅಂಥ ಪೆಟ್ಟಿಗೆಗೆ ಎಷ್ಟು ಒಳ್ಳೆಯ ಕರೆಂಟು ಕೊಟ್ಟರೆ ಏನು ಬಂತು?

ಸ್ಪೀಕರ್‌ನಲ್ಲಿ ಏನೂ ಇಲ್ಲ, ಆ್ಯಂಪ್ ಪೆಟ್ಟಿಗೆಯೇ ಗುಂಯ್‌ಗುಡುತ್ತದೆ ಅಂದರೆ ಅದು ಬೇರೆ ವಿಷಯ. ಮುಚ್ಚಳದ ಮೇಲೆ ಅಂಗೈ ಇಟ್ಟರೆ ನಡುಕ ಸಿಗುತ್ತದೆ. ಉಂಗುರದಾಕಾರದ ಟೊರಾಯ್ಡಲ್ ಟ್ರಾನ್ಸ್‌ಫಾರ್ಮರ್‌ಗೆ ಮೇನ್ಸ್ ಜೊತೆ ಸ್ವಲ್ಪವೇ ಡಿಸಿ ಬೆರೆತು ಬಂದರೂ ಸಹಿಸುವುದಿಲ್ಲ. ಅದರ ಕಬ್ಬಿಣದ ಕೋರ್ ಒಂದು ಕಡೆಗೆ ಸ್ಯಾಚುರೇಟ್ ಆಗಿ, ಅಂದರೆ ಇನ್ನು ಹಿಡಿಸದಷ್ಟು ಕಾಂತತೆ ತುಂಬಿಕೊಂಡು, ನರಳುತ್ತದೆ. ಆ ಡಿಸಿ ಎಲ್ಲಿಂದ ಬರುತ್ತದೆ ಗೊತ್ತಾ? ಕೆಲವು ಹೇರ್ ಡ್ರೈಯರ್‌ಗಳಲ್ಲಿ "ಲೋ" ಅಂದರೆ ಒಂದು ಡಯೋಡ್ ಹಾಕಿ ಅರ್ಧ ಅಲೆ ಮಾತ್ರ ಬಿಡುವುದು. ಯಾರೋ ತಲೆ ಒಣಗಿಸಿಕೊಳ್ಳುವ ಹೊತ್ತಿಗೆ ಸರಿಯಾಗಿ ಆ್ಯಂಪ್ ಗುನುಗುತ್ತದೆ. ಕೆಪಾಸಿಟರ್, ಡಯೋಡ್ ಸೇರಿಸಿ ಮಾಡಿದ ಡಿಸಿ ಬ್ಲಾಕರ್ ಇದಕ್ಕೆ ನಿಜಕ್ಕೂ ಕೆಲಸ ಮಾಡುತ್ತದೆ. ಕರೆಂಟಿಗೆ ಸಂಬಂಧಪಟ್ಟ ಪರಿಕರಗಳಲ್ಲಿ ನಾನು ಕಣ್ಣುಮುಚ್ಚಿ ಶಿಫಾರಸು ಮಾಡುವುದು ಇದೊಂದನ್ನೇ.

ಕರೆಂಟು ನೇರವಾಗಿ ಶ್ರುತಿಯನ್ನೇ ಮುಟ್ಟುವ ಜಾಗವೂ ಒಂದಿದೆ. ಅದು ಎಸಿ ಸಿಂಕ್ರನಸ್ ಮೋಟರ್. ಹಳೆಯ ಎಷ್ಟೋ ಟರ್ನ್‌ಟೇಬಲ್‌ಗಳ ವೇಗ ಗ್ರಿಡ್‌ನ ಫ್ರೀಕ್ವೆನ್ಸಿಗೆ ಕಟ್ಟಿಕೊಂಡಿರುತ್ತದೆ. 50 ಹರ್ಟ್ಸ್ 49.5 ಆದರೆ ಹಾಡು 1 ಪರ್ಸೆಂಟ್ ನಿಧಾನ, ಶ್ರುತಿ ಒಂದು ಅರ್ಧ ಸ್ವರದ ಆರನೇ ಒಂದು ಭಾಗದಷ್ಟು ಕೆಳಗೆ. ಪ್ಲ್ಯಾಟರ್ ಅಂಚಿನ ಸ್ಟ್ರೋಬ್ ಗೆರೆಗಳೂ ಇದೇ ಲೆಕ್ಕದವು. 33⅓ ವೇಗಕ್ಕೆ 50 ಹರ್ಟ್ಸ್ ದೇಶಗಳಲ್ಲಿ 180 ಗೆರೆ, 60 ಹರ್ಟ್ಸ್ ದೇಶಗಳಲ್ಲಿ 216. ಸೆಕೆಂಡಿಗೆ 100 ಸಲ ಮಿನುಗುವ ದೀಪದಡಿ ಗೆರೆಗಳು ನಿಂತ ಹಾಗೆ ಕಂಡರೆ ವೇಗ ಸರಿ. ತಮಾಷೆ ಏನೆಂದರೆ ಮೋಟರ್‌ಗೂ ದೀಪಕ್ಕೂ ಒಂದೇ ಗ್ರಿಡ್. ಗ್ರಿಡ್ ತಪ್ಪಿದರೆ ಎರಡೂ ಒಟ್ಟಿಗೆ ತಪ್ಪುತ್ತವೆ, ಗೆರೆಗಳು ಮಾತ್ರ ನಿಂತೇ ಇರುತ್ತವೆ! 1935ರಲ್ಲಿ ಬಂದ ಹ್ಯಾಮಂಡ್ ಆರ್ಗನ್ ಕೂಡ ಇದೇ ಜಾತಿ. 60 ಹರ್ಟ್ಸ್‌ಗೆ ಮಾಡಿದ್ದನ್ನು 50ಕ್ಕೆ ಹಾಕಿದರೆ ಮೂರು ಅರ್ಧ ಸ್ವರಕ್ಕೂ ಕೆಳಗೆ ಜಾರುತ್ತದೆ. ಈಗಿನ ಹೆಚ್ಚಿನ ಟರ್ನ್‌ಟೇಬಲ್‌ಗಳಲ್ಲಿ ಮೋಟರ್‌ಗೆ ಬೇಕಾದ ತಾಳವನ್ನು ಒಳಗೇ ಮಾಡಿಕೊಳ್ಳುತ್ತಾರೆ.

ಇನ್ನು ದುಬಾರಿ ಪವರ್ ಕೇಬಲ್. ಗೋಡೆಯೊಳಗೆ 1.5 ಚದರ ಮಿಲಿಮೀಟರ್ ತಾಮ್ರದ ತಂತಿ 15 ಮೀಟರ್ ಓಡಿದೆ ಅಂದುಕೊಳ್ಳಿ. ಹೋಗಿ ಬರಲು 30 ಮೀಟರ್. ಮೀಟರ್‌ಗೆ 12 ಮಿಲಿಓಮ್ ಹಾಗೆ ಸುಮಾರು 0.36 ಓಮ್ ಆಯಿತು. ಆ್ಯಂಪ್ ಜೊತೆ ಬರುವ ಒಂದೂವರೆ ಮೀಟರ್ ಕೇಬಲ್‌ನದು ಅದರ ಹತ್ತನೇ ಒಂದು ಭಾಗ. ಬೆಳ್ಳಿಯದೇ ಹಾಕಿ, ಚಿನ್ನದ್ದೇ ಹಾಕಿ, ಗೋಡೆಯೊಳಗಿನದು ಹಾಗೇ ಇರುತ್ತದೆ. ಕಂಡಿಷನರ್‌ಗಳಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಕೆಲವು ಫಿಲ್ಟರ್‌ಗಳು ಫೇಸ್‌ನಲ್ಲಿ ಸಿಕ್ಕ ಗಲೀಜನ್ನು ಕೆಪಾಸಿಟರ್ ಮೂಲಕ ಅರ್ತ್‌ಗೆ ಸುರಿಯುತ್ತವೆ. ಮುಂಬಾಗಿಲು ಗುಡಿಸಿ ಕಸವನ್ನು ಹಿಂಬಾಗಿಲಿಗೆ ಹಾಕಿದಂತಾಯ್ತು, ಅಲ್ವಾ? ಕಂಡಿಷನರ್ ಹಾಕಿದ ಮೇಲೆ ಹಮ್ ಜಾಸ್ತಿ ಆಯಿತು ಅನ್ನುವವರ ಮಾತು ನನಗೆ ಆಶ್ಚರ್ಯ ತರುವುದಿಲ್ಲ.

ಜಪಾನಿನ ಕೆಲವು ಆಡಿಯೊ ಪ್ರಿಯರು ಇನ್ನೂ ಮುಂದೆ ಹೋಗಿ ಮನೆ ಪಕ್ಕ ತಮ್ಮದೇ ಕರೆಂಟ್ ಕಂಬ ನೆಡಿಸಿ, ತಮ್ಮದೇ ಟ್ರಾನ್ಸ್‌ಫಾರ್ಮರ್ ಕೂರಿಸಿಕೊಂಡಿದ್ದಾರೆ. 2016ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಇದರ ಬಗ್ಗೆ ಬರೆದಿತ್ತು. ನಗಬೇಕು ಅನ್ನಿಸುವುದಿಲ್ಲ ನನಗೆ. ಅಕ್ಕಪಕ್ಕದವರ ಜೊತೆ ಹಂಚಿಕೊಳ್ಳದ ಸಪ್ಲೈನಲ್ಲಿ ವೋಲ್ಟೇಜ್ ಗಟ್ಟಿಯಾಗಿ ನಿಲ್ಲುವುದು ನಿಜ. ಆದರೆ ಟಿವಿಗೂ ಆ್ಯಂಪ್‌ಗೂ ನಡುವಿನ ಲೂಪ್ ಇರುವುದು ಮನೆಯೊಳಗೆ. ಅದು ಕಂಬದ ಕೈಗೆ ಸಿಗುವುದಿಲ್ಲ.

ಕೇಬಲ್ಲೋ ಕಂಡಿಷನರ್ರೋ ತಂದು "ವ್ಯತ್ಯಾಸ ಕೇಳಿಸಿತು" ಅನ್ನುವವರ ಜೊತೆ ನಾನು ಜಗಳಕ್ಕೆ ನಿಲ್ಲುವುದಿಲ್ಲ. ಬೇರೆಯವರ ಕೈಯಲ್ಲಿ, ನಿಮಗೆ ಹೇಳದೆ, ಬದಲಾಯಿಸಿಸಿ ಕೇಳಿ ಅಂತ ಮಾತ್ರ ಹೇಳುತ್ತೇನೆ. ವಾಲ್ಯೂಮ್ ಎರಡೂ ಸಲ ಒಂದೇ ಇರಲಿ. ಅರ್ಧ ಡೆಸಿಬೆಲ್ ಏರಿದರೂ ಕಿವಿಗೆ ಅದು "ಜೋರು" ಅನ್ನಿಸುವುದಿಲ್ಲ, "ಚೆನ್ನಾಗಿದೆ" ಅನ್ನಿಸುತ್ತದೆ.

ದುಡ್ಡು ಹಾಕಲೇಬೇಕು ಅನ್ನಿಸಿದರೆ ಮೊದಲು ಬಲ್ಲ ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ಅಳೆಸಿ. ಸಡಿಲಾದ ಸಾಕೆಟ್ ಬದಲಾಯಿಸಿ. ಪ್ಲಗ್ ಅಲುಗಿಸಿದಾಗ ಚಿರ್ ಅಂತ ಕಿಡಿ ಬರುವ ಸಾಕೆಟ್ ಹಾಡಿಗಿಂತ ಮೊದಲು ಮನೆಗೇ ಅಪಾಯ. ಒಂದು ಸರ್ಜ್ ಪ್ರೊಟೆಕ್ಟರ್ ಇರಲಿ. ಅದರೊಳಗಿನ ವೇರಿಸ್ಟರ್ ಪ್ರತಿ ಏಟಿಗೂ ಸ್ವಲ್ಪ ಸ್ವಲ್ಪ ಸವೆಯುತ್ತದೆ, ಒಂದೇ ಸಲ ಕೊಂಡು ಮರೆಯುವ ವಸ್ತುವಲ್ಲ.

ಮತ್ತೆ, ಆ್ಯಂಪ್‌ಗೆ ಇಪ್ಪತ್ತೋ ಮೂವತ್ತೋ ವರ್ಷವಾಗಿ, ಮೊದಲು ಇಲ್ಲದ 100 ಹರ್ಟ್ಸ್ ಬರ್‌ರ್ ಈಚೆಗೆ ಸೇರಿಕೊಂಡಿದ್ದರೆ ಗೋಡೆಯ ಕಡೆ ನೋಡಲೇಬೇಡಿ. ಒಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ಒಣಗಿವೆ. ಬಿಸಿ ಹತ್ತು ಡಿಗ್ರಿ ಏರಿದರೆ ಅವುಗಳ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆ್ಯಂಪ್ ಮೇಲೆ ಬೇರೆ ಪೆಟ್ಟಿಗೆ ಪೇರಿಸಿಟ್ಟವರಿಗೆ ಇದು ಬೇಗ ಬರುತ್ತದೆ. ಬದಲಾಯಿಸಲು ರಿಪೇರಿ ಬಲ್ಲವರಿಗೇ ಕೊಡಿ. ಪ್ಲಗ್ ಕಿತ್ತ ಮೇಲೂ ಆ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ.